ಕೊಸಾರಾ ಪಾರಿವಾಳಗೂಡಿಗೆ ಬಂದದ್ದು

ನಮ್ಮ ಅಟ್ಟದ ಮನೆಯ ಚಿತ್ರಕಾರ ಮಿಲುಟಿನ್ ತೀರಿಕೊಂಡ ಚಳಿಗಾಲ ಕಳೆದು, ಡ್ಯಾನ್ಯೂಬ್ ನದಿಯ ಮೇಲಿನ ಮಂಜುಗಡ್ಡೆ ಒಡೆದು ತೇಲತೊಡಗಿದ್ದ ದಿನಗಳಲ್ಲಿ, ಒಂದು ಬೆಳಗ್ಗೆ ನಮ್ಮ ಗೇಟಿನ ಮುಂದೆ ಸಣ್ಣದೊಂದು ಲಾರಿ ಬಂದು ನಿಂತಿತು. ತಲೆಗೆ ಕಪ್ಪು ವಸ್ತ್ರ ಕಟ್ಟಿದ್ದ ಗಟ್ಟಿಮುಟ್ಟಾದ ಒಬ್ಬ ಹೆಂಗಸು ಇಳಿದಳು. ಅವಳ ಹಿಂದೆ ಒಂದು ಕಬ್ಬಿಣದ ಮಂಚ, ಹಗ್ಗ ಬಿಗಿದ ಪೆಟ್ಟಿಗೆಗಳು, ಉಪ್ಪುನೀರಿನಲ್ಲಿ ಹಾಕಿಟ್ಟ ಎಲೆಕೋಸಿನ ಪೀಪಾಯಿ ಇಳಿದವು. ಹೆಂಗಸು ಸೊಂಟದ ಮೇಲೆ ಕೈಯಿಟ್ಟು ಮನೆಯನ್ನು ಬುಡದಿಂದ ತುದಿಯವರೆಗೆ ನೋಡಿದಳು.

"ಇದೇನಾ? ಸರಿಯಾಗಿ ನೋಡಪ್ಪ," ಎಂದು ಡ್ರೈವರನ್ನು ಕೇಳಿದಳು. "ಇದು ಮನೆ ಇದ್ದಂಗೇ ಇಲ್ಲವಲ್ಲ!"

ಅವಳ ಮಾತಿನಲ್ಲಿ ತಪ್ಪೇನಿರಲಿಲ್ಲ. ಬೆಲ್‌ಗ್ರೇಡ್ ಪಕ್ಕದ ಜೆಮುನ್‌ನ ಈ ಹಳೆಯ ಕಟ್ಟಡವನ್ನು ಚಕ್ರವರ್ತಿಗಳ ಕಾಲದಲ್ಲಿ ಯಾರೋ ಹಡಗಿನ ಕಪ್ತಾನ ಕಟ್ಟಿಸಿದ್ದನಂತೆ. ಮೇಲಂತಸ್ತಿನ ಕಿಟಕಿಗಳೆಲ್ಲ ದುಂಡಗಿವೆ. ಮೆಟ್ಟಿಲು ಒಳಗಿನಿಂದ ಹೊರಟು, ನಡುವೆ ಗೋಡೆ ಸೀಳಿ ಹೊರಬಂದು, ಮರದ ಬಾಲ್ಕನಿಯ ಮೇಲೆ ಸ್ವಲ್ಪ ದೂರ ಹೋಗಿ, ಮತ್ತೆ ಒಳಗೆ ನುಗ್ಗುತ್ತದೆ. ನನ್ನ ಸ್ನಾನದ ತೊಟ್ಟಿ ಅಡುಗೆಮನೆಯಲ್ಲಿದೆ. ಮೊದಲ ಮಹಡಿಯ ಹಾದಿಯಲ್ಲಿ ಒಂದು ಪಿಯಾನೋ ಇದೆ. ಅದನ್ನು ಒಳಗೆ ತಂದ ಮೇಲೆ ಯಾರೋ ಗೋಡೆ ಎಬ್ಬಿಸಿದ್ದರಿಂದ ಅದು ಅಲ್ಲೇ ಉಳಿಯಿತು. ಯುದ್ಧ ಮುಗಿದ ಮೇಲೆ ಬಾಡಿಗೆ ಕಡಿಮೆಯೆಂದು ಚಿತ್ರಕಾರರು, ನಟರು, ಹೋಟೆಲುಗಳಲ್ಲಿ ಪಿಟೀಲು ಬಾರಿಸುವವರು, ಏನೂ ಮಾಡದೆ ಎಲ್ಲದರ ಬಗ್ಗೆಯೂ ಮಾತಾಡುವವರು ಇಲ್ಲಿ ತುಂಬಿಕೊಂಡರು. ಸೌದೆ ಮುಗಿದಾಗ ಕುರ್ಚಿ ಒಡೆದು ಒಲೆಗೆ ಹಾಕುತ್ತಿದ್ದರು. ಜೆಮುನ್ ಜನ ಇದಕ್ಕೆ 'ಪಾರಿವಾಳಗೂಡು' ಎಂದು ಹೆಸರಿಟ್ಟು, ತಮ್ಮ ಹೆಣ್ಣುಮಕ್ಕಳಿಗೆ ಆ ಕಡೆ ನಡೆಯಬೇಡಿ ಎಂದು ಬುದ್ಧಿ ಹೇಳಿದರು. ನಾನು ನಡೆದೆ. ಹಾಗೇ ಒಳಗೂ ಬಂದೆ. ನಾಟಕದಲ್ಲಿ ಮಾತು ಮರೆತವರಿಗೆ ಪರದೆಯ ಮರೆಯಿಂದ ಎತ್ತಿಕೊಡುವುದು ನನ್ನ ಕೆಲಸವಾಗಿತ್ತು. ನನ್ನನ್ನು ಎಲ್ಲರೂ ಬೆಬಾ ಎನ್ನುತ್ತಾರೆ.

ಆ ಬೆಳಗ್ಗೆ ಬಾಲ್ಕನಿಯಲ್ಲಿ ನನ್ನ ಪಕ್ಕ ನಿಂತಿದ್ದವನು ದೊಬ್ರಿ. ಹಳೆಯ ನಟ, ಮಧ್ಯಾಹ್ನದವರೆಗೂ ರೇಷ್ಮೆಯ ನಿಲುವಂಗಿಯಲ್ಲೇ ಇರುವವನು. ಮೇಲಿನಿಂದಲೇ ಡ್ರೈವರನಿಗೆ ಅಪ್ಪಣೆ ಕೊಡುತ್ತಿದ್ದ.

"ಮಂಚವನ್ನ ಅಡ್ಡ ತಿರುಗಿಸಯ್ಯ! ಪಿಯಾನೋಗೆ ತಾಗಿಸಬೇಡ. ಎಡಗಡೆ ಬಾಗಿಲು ತೆಗೀಬೇಡ, ಅದರಾಚೆ ನೆಲ ಇಲ್ಲ, ನೇರ ಅಂಗಳಕ್ಕೆ ಬೀಳ್ತೀಯ!" ಆಮೇಲೆ ಹೆಂಗಸಿನ ಕಡೆ ಬಾಗಿ, "ಅಮ್ಮಾ, ಯಾರ ಮನೆಗೆ ಇಷ್ಟೆಲ್ಲ?" ಎಂದ.

"ಮಿಲುಟಿನ್ ಮನೆಗೆ. ನಾನು ಅವನ ತಂಗಿ, ಕೊಸಾರಾ. ನೋವಿ ಬೆಚೆಯ್‌ನಿಂದ ಬಂದೀನಿ."

ದೊಬ್ರಿಯ ಕೈಯಲ್ಲಿದ್ದ ಸಿಗರೇಟು ಅಲ್ಲೇ ನಿಂತಿತು. ಅವನು ನನ್ನ ಮುಖ ನೋಡಿದ. ನಾನು ಅವನ ಮುಖ ನೋಡಿದೆ.

"ಆ ಹೆಸರಿನ ತಂಗಿ ಅವನಿಗೆ ಇದ್ದದ್ದು ನಿಜ," ಎಂದ ಕೊನೆಗೆ, ಮೆತ್ತಗೆ. "ಆದರೆ ಅವಳು ಚಿಕ್ಕವಳಿದ್ದಾಗಲೇ ಟೀಸಾ ನದಿಯಲ್ಲಿ ಮುಳುಗಿ ಹೋದಳಲ್ಲಮ್ಮ."

ಹೆಂಗಸು ಎಲೆಕೋಸಿನ ಪೀಪಾಯಿಯನ್ನು ಕೈಯಿಂದ ತಡವಿ ನೋಡಿ ಅದರ ಮುಚ್ಚಳದ ಮೇಲೆ ಕೂತಳು.

"ಹಂಗಂದನಾ?" ಎಂದಳು.

ಒಳಗೆ ಕರೆತಂದು ಕಾಫಿ ಕೊಟ್ಟೆ. ಅವಳು ಸುಳ್ಳು ಹೇಳುತ್ತಿಲ್ಲವೆಂದು ನನಗೆ ಕಾಗದಪತ್ರ ನೋಡಿ ಗೊತ್ತಾಗಬೇಕಿರಲಿಲ್ಲ. ಮಿಲುಟಿನ್‌ನದೇ ಅಗಲ ಹಣೆ, ಅವನದೇ ಮೇಲೆದ್ದ ಹುಬ್ಬು. ಬಟ್ಟಲನ್ನು ಎರಡೂ ಕೈಯಲ್ಲಿ ಹಿಡಿಯುವ ಅಭ್ಯಾಸ ಕೂಡ ಅವನದೇ. ತನ್ನ ಗಂಡ ಹೋದ ವರ್ಷ ಸತ್ತ, ಮನೆ ಅವನ ಮೊದಲ ಹೆಂಡತಿಯ ಮಗನಿಗೆ ಸೇರಿತು, ಅವನು ಮಾರುತ್ತೇನೆಂದ, ಅಷ್ಟರಲ್ಲಿ ವಕೀಲರೊಬ್ಬರು ಫೋನ್ ಮಾಡಿ ಅಣ್ಣ ತೀರಿಕೊಂಡಿದ್ದಾನೆ, ಅವನ ಮನೆ ನಿಮಗೆ ಬರುತ್ತದೆ ಎಂದರು — ಇಷ್ಟನ್ನು ಅವಳು ಬಾನಾತ್ ಸೀಮೆಯವರ ಹಾಗೆ ಎಳೆದೆಳೆದು ಹೇಳಿದಳು. ಹೊಟ್ಟೆಪಾಡಿಗೆ ಆಸ್ಪತ್ರೆಯೊಂದರ ಅಡುಗೆಮನೆಯಲ್ಲಿ ಕೆಲಸ ಮಾಡಿದ್ದಳಂತೆ, ನಿವೃತ್ತಿಯವರೆಗೂ.

"ಅಣ್ಣ ಸತ್ತ ದಿನ ನಾನು ಏನು ಮಾಡ್ತಿದ್ದೆ ಅಂತ ಯೋಚಿಸ್ತೀನಿ ಬೆಬಕ್ಕ. ನೆನಪೇ ಆಗಲ್ಲ. ಮೆಣಸಿನಕಾಯಿ ಹುರೀತಿದ್ದೆನೋ, ಏನೋ."

ಆಮೇಲೆ ಅವಳನ್ನು ಮೇಲೆ ಕರೆದುಕೊಂಡು ಹೋದೆ. ಬೇಡವೆಂದರೂ ಒಂದಲ್ಲ ಒಂದು ಹೊತ್ತು ಹೋಗಲೇಬೇಕಿತ್ತಲ್ಲ. ಅಟ್ಟದ ಮನೆಯ ಉದ್ದ ಗೋಡೆಯ ಮೇಲೆ, ನೆಲದಿಂದ ಸೂರಿನವರೆಗೆ, ಮಿಲುಟಿನ್ ಒಂದು ನದಿ ಬರೆದಿದ್ದ. ಬೂದಿ ಬಣ್ಣದ ನೀರು, ಆಚೆ ದಡದಲ್ಲಿ ವಿಲ್ಲೋ ಮರಗಳು. ನೀರಿನಲ್ಲಿ ಸೊಂಟದವರೆಗೆ ಇಳಿದು, ನಮಗೆ ಬೆನ್ನು ಮಾಡಿ ನಿಂತ ಹುಡುಗಿ. ಬಿಳಿಯ ಒಳಂಗಿ, ಒದ್ದೆ ಜಡೆ. ಮುಖ ಇಲ್ಲ. ಪಾರಿವಾಳಗೂಡಿನಲ್ಲಿ ಅದನ್ನು ನೋಡದವರಿಲ್ಲ. ಎಷ್ಟೋ ಸಂಜೆ ಆ ಗೋಡೆಯ ಕೆಳಗೆ ಕುಡಿದು ಹಾಡಿದ್ದೇವೆ. ಹಾಡು ನಿಂತಾಗ ಮಿಲುಟಿನ್ ಒಂದು ಲೋಟ ಬ್ರಾಂಡಿಯನ್ನು ನೆಲಕ್ಕೆ ಚೆಲ್ಲಿ, "ನನ್ನ ಕೊಸಾರಾಗೆ" ಎನ್ನುತ್ತಿದ್ದ.

ಅವಳು ಗೋಡೆಯ ಹತ್ತಿರ ಹೋಗಿ ಒಳಂಗಿಯ ಕೊರಳಂಚನ್ನು ಬೆರಳಿಂದ ಮುಟ್ಟಿದಳು.

"ಈ ಕಸೂತಿ ನಮ್ಮ ಅಮ್ಮಂದು," ಎಂದಳು. "ಒಂದು ಹೂ ತಪ್ಪಿದೆ ನೋಡಿ ಇಲ್ಲಿ. ಅಮ್ಮ ತಪ್ಪಾಗಿ ಹಾಕಿದ್ದಳು. ಅದನ್ನೂ ಬಿಟ್ಟಿಲ್ಲ ಇವನು."

ಮಂಚವನ್ನು ಎಲ್ಲಿ ಹಾಕಿದರೂ ಆ ಗೋಡೆ ಕಾಣುತ್ತಿತ್ತು.

ಎರ್ಜಿಗೆ ಸುದ್ದಿ ಮುಟ್ಟಿಸಬೇಕಾದವಳು ನಾನೇ. ಎರಡನೇ ಅಂತಸ್ತಿನಲ್ಲಿದ್ದ ಎರ್ಜಿ ಒಂದು ಕಾಲದಲ್ಲಿ ನದಿದಂಡೆಯ ಹೋಟೆಲಿನಲ್ಲಿ ಪಿಟೀಲು ನುಡಿಸುತ್ತಿದ್ದ ಹಂಗೇರಿಯನ್ ಹುಡುಗಿ. ಬದುಕಿಡೀ ಮಿಲುಟಿನ್‌ನವಳು. ಮದುವೆಯಾಗಲಿಲ್ಲ, ಒಂದೇ ಮನೆಯಲ್ಲೂ ಇರಲಿಲ್ಲ. ಅವನು ಮೇಲೆ, ಅವಳು ಕೆಳಗೆ. "ಒಂದೇ ಕಡೆ ಇದ್ದರೆ ಇಬ್ಬರಲ್ಲಿ ಒಬ್ಬರು ಆ ಖಾಲಿ ಬಾಗಿಲಿಂದ ಹಾರ್ತೀವಿ" ಎಂದು ನಗುತ್ತಿದ್ದಳು. ಆದರೆ ಅವನ ಅಂಗಿಗೆ ಗುಂಡಿ ಹೊಲಿದವಳು, ಅವನ ಕೊನೆಯ ತಿಂಗಳುಗಳಲ್ಲಿ ಅವನನ್ನು ಮಗ್ಗುಲು ಬದಲಿಸಿ ಮಲಗಿಸಿದವಳು ಅವಳೇ.

ನಾನು ಹೇಳಿದ್ದನ್ನು ಕೇಳಿ ಅವಳು ಕಿಟಕಿಯ ಕಡೆ ತಿರುಗಿ ಕೂತಳು.

"ಬಾಗಿಲು ಮುಚ್ಕೊಂಡು ಹೋಗು ಬೆಬಾ. ಆ ಹೆಂಗಸಿನ ಮುಖ ನನಗೆ ಬೇಡ."

"ಅವಳ ತಪ್ಪೇನೇ ಇದರಲ್ಲಿ?"

"ಬದುಕಿದಾಳಲ್ಲ, ಅದೇ ತಪ್ಪು!" ಎಂದು ಕಿರುಚಿದಳು. "ಅವಳಿಗಾಗಿ ನಾನೆಷ್ಟು ಅತ್ತಿದೀನಿ ಗೊತ್ತಾ? ಪ್ರತಿ ವರ್ಷ ಅವಳ ಹೆಸರಲ್ಲಿ ತಿಥಿಯ ಗೋಧಿ ಬೇಯಿಸಿದೀನಿ. ಅವನ ತಲೆ ತೊಡೆ ಮೇಲಿಟ್ಕೊಂಡು ಸಮಾಧಾನ ಮಾಡಿದೀನಿ. ನನಗೆ ಮಗು ಬೇಕು ಅಂದಾಗ ಏನಂದ ಗೊತ್ತಾ ನಿನಗೆ? ನಮ್ಮ ಮನೆ ಮಕ್ಕಳು ನೀರಿಗೆ ಹೋಗ್ತಾರೆ ಎರ್ಜಿ, ಬೇಡ, ನನ್ನಿಂದ ಇನ್ನೊಮ್ಮೆ ಆಗಲ್ಲ ಅಂದ. ನಂಬಿದೆ. ಪಾಪ ಅಂತ ಸುಮ್ಮನಾದೆ. ಈಗ ಆ ಹೆಂಗಸು ಎಲೆಕೋಸು ಹೊತ್ಕೊಂಡು ಬಂದು ನಿಂತಿದಾಳೆ!"

ಇಷ್ಟು ವರ್ಷ ಪಕ್ಕಪಕ್ಕದಲ್ಲಿ ಇದ್ದೂ ಮಗುವಿನ ಮಾತು ನನಗೆ ಗೊತ್ತಿರಲಿಲ್ಲ. ಬಾಗಿಲು ಮುಚ್ಚಿಕೊಂಡು ಬಂದೆ.

ಆ ಬೇಸಿಗೆಯಿಡೀ ಇಬ್ಬರೂ ಮೆಟ್ಟಿಲಿನಲ್ಲಿ ಎದುರಾದರೆ ಎರ್ಜಿ ಗೋಡೆಯ ಕಡೆ ಮುಖ ತಿರುಗಿಸುತ್ತಿದ್ದಳು. ಕೊಸಾರಾ ಪಕ್ಕಕ್ಕೆ ಸರಿದು ದಾರಿ ಬಿಡುತ್ತಿದ್ದಳು. ಅವಳು ಯಾರಿಗೂ ಏನನ್ನೂ ವಿವರಿಸಲು ಹೋಗಲಿಲ್ಲ. ಬಾಲ್ಕನಿ ಗುಡಿಸಿದಳು, ಪಿಯಾನೋದ ಮೇಲಿನ ಧೂಳು ಒರೆಸಿದಳು, ಅಂಗಳದಲ್ಲಿ ಒಲೆ ಹೂಡಿ ಖಾರವಿಲ್ಲದ ದಪ್ಪ ಕೆಂಪು ಮೆಣಸಿನಕಾಯಿ ಸುಟ್ಟು ಚಟ್ನಿ ಮಾಡಿ ಎಲ್ಲರ ಬಾಗಿಲಿಗೂ ಒಂದೊಂದು ಜಾಡಿ ಇಟ್ಟಳು. ದೊಬ್ರಿ ತನ್ನ ಜಾಡಿಯನ್ನು ಎರಡೇ ದಿನದಲ್ಲಿ ಮುಗಿಸಿ, ಖಾಲಿ ಜಾಡಿ ಹಿಡಿದು ಮೇಲೆ ಹೋಗಿ, "ಸತ್ತವರ ಕೈಯಡುಗೆ ಇಷ್ಟು ಚೆನ್ನಾಗಿರುತ್ತೆ ಅಂತ ಗೊತ್ತಿರಲಿಲ್ಲಮ್ಮ" ಎಂದ. ಅವಳು ನಕ್ಕಳು. ಬಂದ ಮೇಲೆ ಅವಳು ನಕ್ಕದ್ದು ಅದೇ ಮೊದಲು. ನಗುತ್ತಲೇ ಸೆರಗಂತೆ ಇಳಿಬಿದ್ದ ತಲೆವಸ್ತ್ರದ ತುದಿಯಿಂದ ಕಣ್ಣು ಒತ್ತಿಕೊಂಡಳು ಎಂದು ದೊಬ್ರಿ ಆಮೇಲೆ ನನಗೆ ಹೇಳಿದ.

ನಿಜ ಸಂಗತಿಯನ್ನು ಅವಳು ನನಗೆ ಹೇಳಿದ್ದು ಮೆಣಸಿನಕಾಯಿ ಸಿಪ್ಪೆ ಸುಲಿಯುತ್ತ ಕೂತಿದ್ದಾಗ. ಹರೆಯದಲ್ಲಿ ಅವಳಿಗೆ ಮದುವೆ ಗೊತ್ತಾಗಿತ್ತು. ಹುಡುಗ ಗಿರಣಿಯವರ ಮಗ. ಆ ಬೇಸಿಗೆ ಮಿಲುಟಿನ್ ಊರಿಗೆ ಬಂದವನು, ಅವಳು ಹಿತ್ತಲಲ್ಲಿ ಒಳಂಗಿ ತೊಟ್ಟು ತಲೆ ತೊಳೆದುಕೊಳ್ಳುತ್ತಿದ್ದುದನ್ನು ಬರೆದ. ಅವಳು ಬರಿ ಎಂದಿದ್ದಳು. ಅಣ್ಣ ಬರೆದರೆ ಏನಂತೆ. ಆದರೆ ಚಿತ್ರ ಬೆಲ್‌ಗ್ರೇಡಿನ ಪ್ರದರ್ಶನಕ್ಕೆ ಹೋಯಿತು, ಬಹುಮಾನ ಬಂತು, ಪತ್ರಿಕೆಯಲ್ಲಿ ಅಚ್ಚಾಯಿತು. ಭುಜ ಬರಿದು, ಕಾಲು ಬರಿದು, ಕೆಳಗೆ ಅವಳ ಹೆಸರು. ನೋವಿ ಬೆಚೆಯ್‌ನ ಕ್ಷೌರದಂಗಡಿಯಲ್ಲಿ ಆ ಹಾಳೆಯನ್ನು ಗೋಡೆಗೆ ಅಂಟಿಸಿದರು. ಗಿರಣಿಯವರು ಉಂಗುರ ವಾಪಸು ಕೇಳಿದರು. ಅಪ್ಪ ಬೆಲ್ಟು ಬಿಚ್ಚಿದ.

"ಹೊಡೆತ ಮರೆತೆ ಬೆಬಕ್ಕ. ನೀರು ತರೋಕೆ ಹೋದರೆ ಗಂಡಸರು ಸಿಳ್ಳೆ ಹಾಕೋರು, ಅದು ಮರೀಲಿಲ್ಲ. ಆಮೇಲೆ ಅಪ್ಪ ಸತ್ತ. ಇವನು ಮಣ್ಣಿಗೆ ಅಂತ ಬಂದ. ಕೈಯಲ್ಲಿ ಹೂ. ನಾನು ಗೇಟಲ್ಲೇ ನಿಲ್ಲಿಸಿದೆ. 'ಈ ಮನೇಲಿ ಇವತ್ತು ಇಬ್ಬರು ಸತ್ತಿದಾರೆ, ಅಪ್ಪ ಒಬ್ಬ, ನೀನೊಬ್ಬ, ಹೋಗು' ಅಂದೆ. ಅವನು ಹೂವನ್ನ ಬೇಲಿಗೆ ಸಿಕ್ಕಿಸಿ ಹೊರಟುಹೋದ." ಅವಳು ಸುಟ್ಟ ಸಿಪ್ಪೆಯನ್ನು ಬೆರಳಿಂದ ಒರೆಸಿಕೊಂಡಳು. "ಬರ್ತಾನೆ ಅಂದ್ಕೊಂಡಿದ್ದೆ. ಒಂದು ವರ್ಷ ಬಿಟ್ಟು ಬರ್ತಾನೆ, ಎರಡು ವರ್ಷ ಬಿಟ್ಟು ಬರ್ತಾನೆ. ಬಂದರೆ ಒಳಗೆ ಕರೀಬೇಕು ಅಂತಿದ್ದೆ."

"ನೀನೇ ಬರಬಹುದಿತ್ತಲ್ಲೇ?"

"ಯಾವ ಮುಖ ಇಟ್ಕೊಂಡು?"

ಚಳಿ ಶುರುವಾಗುವ ಮುಂಚೆ ಬರುವ, ಸತ್ತವರನ್ನು ನೆನೆಯುವ ಶನಿವಾರ ನಾನೂ ಕೊಸಾರಾಳೂ ಚರ್ಚಿಗೆ ಹೋದೆವು. ನಮ್ಮ ಕಡೆ ಬದುಕಿರುವವರಿಗೆ ಹಚ್ಚುವ ಮೇಣದಬತ್ತಿಯ ಜಾಗ ಬೇರೆ, ಸತ್ತವರಿಗೆ ಹಚ್ಚುವ ಜಾಗ ಬೇರೆ. ಕೆಳಗಿನ ಮರಳುತಟ್ಟೆ ಸತ್ತವರದು. ನಾನು ಅಮ್ಮನಿಗೆ ಒಂದು ಹಚ್ಚಿದೆ, ಮಿಲುಟಿನ್‌ಗೆ ಒಂದು ಹಚ್ಚಿದೆ, ಕೈ ಅದರಷ್ಟಕ್ಕೆ ಮೂರನೆಯದನ್ನೂ ಹಚ್ಚಿ ಪಕ್ಕದಲ್ಲಿ ನೆಟ್ಟಿತು. ಪ್ರತಿ ವರ್ಷದ ರೂಢಿ. ನೆಟ್ಟ ಮೇಲೆ ಅದು ಯಾರದೆಂದು ಹೊಳೆದು ನಾಲಗೆ ಕಚ್ಚಿಕೊಂಡೆ.

ಪಕ್ಕದಲ್ಲಿ ನಿಂತಿದ್ದ ಕೊಸಾರಾ ಕೇಳಿದಳು, "ಇದು ನನ್ನದಾ?"

"ಅಯ್ಯೋ, ತೆಗೆದುಬಿಡ್ತೀನಿ ಇರು. ಮೇಲಿನ ತಟ್ಟೆಗೆ ಇಡ್ತೀನಿ."

ಅವಳೇ ಅದನ್ನು ಮರಳಿನಿಂದ ಕಿತ್ತು ಕೈಯಲ್ಲಿ ಹಿಡಿದು ನೋಡುತ್ತ ನಿಂತಳು. ಮೇಣ ಬೆರಳ ಮೇಲೆ ಇಳಿಯಿತು. ಮತ್ತೆ ಬಗ್ಗಿ, ಅಣ್ಣನ ಬತ್ತಿಯ ಪಕ್ಕದಲ್ಲೇ, ಇದ್ದ ಕುಳಿಯಲ್ಲೇ ಅದನ್ನು ನೆಟ್ಟಳು.

"ಇರಲಿ ಬಿಡಿ. ಆ ಹುಡುಗಿ ಸತ್ತದ್ದಂತೂ ನಿಜ," ಎಂದಳು.

ಅದೇ ಚಳಿಗಾಲ ಎರ್ಜಿ ಹಾಸಿಗೆ ಹಿಡಿದಳು. ಮೊದಲು ಕೆಮ್ಮು ಎಂದರು, ಆಮೇಲೆ ಶ್ವಾಸಕೋಶ ಎಂದರು, ಕೊನೆಗೆ ವೈದ್ಯರು ಮಾತು ನುಂಗತೊಡಗಿದರು. ಕೊಸಾರಾ ದಿನಾ ಕೋಳಿ ಸೂಪು ಮಾಡಿ ಅವಳ ಬಾಗಿಲ ಮುಂದಿಟ್ಟು ತಟ್ಟಿ ಬರುತ್ತಿದ್ದಳು. ಮೊದಮೊದಲು ಪಾತ್ರೆ ತುಂಬಿದ್ದ ಹಾಗೆಯೇ ಇರುತ್ತಿತ್ತು; ಬೆಕ್ಕುಗಳಿಗೆ ಹಬ್ಬ. ಆಮೇಲಾಮೇಲೆ ಪಾತ್ರೆ ಒಳಗೆ ಹೋಗಿ ಖಾಲಿಯಾಗಿ ಹೊರಗೆ ಬರತೊಡಗಿತು. ಒಂದು ಮಧ್ಯಾಹ್ನ ನಾನು ಬಾಲ್ಕನಿಯಲ್ಲಿ ಬಟ್ಟೆ ತೆಗೆಯುತ್ತಿದ್ದೆ. ಕೊಸಾರಾ ಪಾತ್ರೆ ಇಟ್ಟು ತಿರುಗಿದಳು. ಒಳಗಿನಿಂದ ಧ್ವನಿ ಬಂತು.

"ಉಪ್ಪು ಕಮ್ಮಿ!"

ಕೊಸಾರಾ ನಿಂತಳು. "ಆಸ್ಪತ್ರೆ ಅಡುಗೆ ಮಾಡಿದ ಕೈ, ತಾಯಿ. ಉಪ್ಪು ಹಾಕೋದು ಮರೆತಿದೆ."

"ಸಾಯೋರಿಗೆ ಪಥ್ಯ ಯಾತಕ್ಕೆ? ನಾಳೆ ಸರಿಯಾಗಿ ಹಾಕು." ಸ್ವಲ್ಪ ಹೊತ್ತು ಕೆಮ್ಮು. "ಅಲ್ಲೇ ಯಾಕೆ ನಿಂತಿದೀಯ? ಒಳಗೆ ಬಾ. ಚಳಿ ನುಗ್ತಾ ಇದೆ."

ಅವತ್ತಿನಿಂದ ಕೊಸಾರಾ ಹಗಲೆಲ್ಲ ಅಲ್ಲೇ. ಮೊದಲ ದಿನ ಎರ್ಜಿ ಅವಳಿಗೆ ಎಲ್ಲವನ್ನೂ ಅಂದಳಂತೆ. ಮಗುವಿನ ಮಾತನ್ನೂ ಬಿಡಲಿಲ್ಲವಂತೆ. ಕೊಸಾರಾ ತಲೆ ತಗ್ಗಿಸಿ ಕೇಳಿ, "ನಾನು ಗೇಟು ತೆಗೆದಿದ್ದರೆ ನಿನಗೆ ಮಕ್ಕಳಿರ್ತಿದ್ದವು" ಎಂದಳಂತೆ. ಎರ್ಜಿ ಅದಕ್ಕೆ, "ಯಾರಿಗೆ ಗೊತ್ತು? ಅವನು ಬೇರೆ ಏನಾದರೂ ಸುಳ್ಳು ಹುಟ್ಟಿಸ್ತಿದ್ದ, ಸೋಮಾರಿ" ಎಂದಳಂತೆ. ಆಮೇಲೆ ಇಬ್ಬರೂ ಅತ್ತರು.

ನಾನು ಕಾಫಿ ತೆಗೆದುಕೊಂಡು ಹೋದಾಗಲೆಲ್ಲ ಅವರ ಮಾತು ಮಿಲುಟಿನ್‌ನದೇ. ಎರ್ಜಿ ಮೊದಲೇ ಒಪ್ಪಂದ ಮಾಡಿಕೊಂಡಿದ್ದಳು: "ಅವನು ಚಿಕ್ಕವನಿದ್ದದ್ದೆಲ್ಲ ನೀನು ಹೇಳು, ಮಿಕ್ಕಿದ್ದು ನಾನು ಹೇಳ್ತೀನಿ. ಇಬ್ಬರದೂ ಸೇರಿದರೆ ಒಬ್ಬ ಪೂರ್ತಿ ಮನುಷ್ಯ ಆಗ್ತಾನೆ." ಹಾಗಾಗಿ ಕೊಸಾರಾ, ಅಣ್ಣ ಇದ್ದಲಿನಿಂದ ಹಂದಿಗೂಡಿನ ಗೋಡೆ ತುಂಬ ಸಂತರನ್ನು ಬರೆದು ಪಾದ್ರಿಯ ಕೈಲಿ ಬೈಸಿಕೊಂಡದ್ದು, ತನಗೆ ಸಿಡುಬು ಬಂದಾಗ ಕೆರೆಯಬಾರದೆಂದು ತನ್ನ ಎರಡೂ ಕೈ ಹಿಡಿದು ಕೂತದ್ದು ಹೇಳುತ್ತಿದ್ದಳು. ಎರ್ಜಿ, ಅವನು ಬಣ್ಣಕ್ಕೆ ಕಾಸಿಲ್ಲದೆ ಸಿನಿಮಾ ಟಾಕೀಸಿಗೆ ಬೋರ್ಡು ಬರೆದದ್ದು, ನಾಯಕಿಯರಿಗೆಲ್ಲ ಒಂದೇ ಹಣೆ ಬರೆಯುತ್ತಾನೆಂದು ಟಾಕೀಸಿನವ ಜಗಳ ತೆಗೆದದ್ದು ಹೇಳುತ್ತಿದ್ದಳು.

"ನಿನ್ನ ಹಣೆ," ಎಂದಳು ಎರ್ಜಿ. "ಈಗ ಗೊತ್ತಾಗ್ತಿದೆ. ನಾನು ಯಾವಳೋ ಹಳೇ ಪ್ರೇಯಸಿದು ಅಂತ ಅಂದ್ಕೊಂಡು ಎಷ್ಟು ಸಲ ತಟ್ಟೆ ಒಡೆದೆ!"

ಪ್ಲಮ್ ಗಿಡಗಳು ಹೂ ಬಿಡುವ ಹೊತ್ತಿಗೆ ಎರ್ಜಿ ಹೋದಳು. ಹೋಗುವ ಕೆಲವು ದಿನ ಮೊದಲು ಕೊಸಾರಾಳ ಕೈ ಹಿಡಿದು, "ನನ್ನನ್ನ ಅವನ ಹತ್ತಿರ ಮಲಗಿಸಲ್ಲ ಇವರು. ನಾನು ಹೆಂಡತಿ ಅಲ್ಲವಲ್ಲ," ಎಂದಿದ್ದಳು. ಅದು ನಿಜವೇ. ಹತ್ತಿರದ ರಕ್ತಸಂಬಂಧಿ ಒಪ್ಪಿ ಸಹಿ ಹಾಕದೆ ಸ್ಮಶಾನದವರು ಸಮಾಧಿ ತೆರೆಯುವುದಿಲ್ಲ. ಮಿಲುಟಿನ್‌ಗೆ ಲೋಕದಲ್ಲಿ ಉಳಿದಿದ್ದ ರಕ್ತಸಂಬಂಧಿ ಒಬ್ಬಳೇ.

ಸ್ಮಶಾನದ ಕಚೇರಿಗೆ ನಾನು, ದೊಬ್ರಿ, ಕೊಸಾರಾ ಹೋದೆವು. ಗಾಜಿನ ಹಿಂದೆ ಕೂತಿದ್ದ ಹುಡುಗಿ ಕೇಳಿದಳು:

"ಈಗ ತೀರಿಕೊಂಡವರು ನಿಮಗೇನಾಗಬೇಕು?"

"ಅತ್ತಿಗೆ," ಎಂದಳು ಕೊಸಾರಾ.

"ನಿಮ್ಮಣ್ಣನ ಜೊತೆ ಮದುವೆ ಆಗಿತ್ತಾ?"

"ನಾನು ಅತ್ತಿಗೆ ಅಂದೆನಲ್ಲ ಮಗಳೇ. ಅದರ ಮೇಲೆ ಇನ್ನೇನು ಬೇಕು ನಿನಗೆ?"

ಹುಡುಗಿ ಪೆನ್ನು ಕೆಳಗಿಟ್ಟಳು. ಒರಟಿನವಳಲ್ಲ, ದನಿ ತಗ್ಗಿಸಿ ಹೇಳಿದಳು: "ಅಜ್ಜಿ, ಅಲ್ಲಿ ಇನ್ನು ಒಬ್ಬರಿಗೇ ಜಾಗ ಇರೋದು. ಇವರನ್ನ ಇಟ್ಟರೆ ಆಮೇಲೆ ನಿಮಗೆ ಇರಲ್ಲ. ಯೋಚನೆ ಮಾಡಿ."

"ಯೋಚನೆ ಮಾಡೇ ಬಂದೀನಿ. ಎಲ್ಲಿ ಸಹಿ ಹಾಕಬೇಕು, ತೋರಿಸು."

ಎರ್ಜಿಯ ಜನರ ಪಾದ್ರಿ ಬೇರೆ, ಮಿಲುಟಿನ್‌ನ ಜನರ ಪಾದ್ರಿ ಬೇರೆ. ಇಬ್ಬರೂ ಬಂದು ಒಬ್ಬರಾದ ಮೇಲೊಬ್ಬರು ಪ್ರಾರ್ಥನೆ ಹೇಳಿದರು. ಪಾರಿವಾಳಗೂಡಿನಲ್ಲಿ ಉಳಿದಿದ್ದ ಮುದುಕರೆಲ್ಲ ಬಂದಿದ್ದರು. ಗೋಧಿಯನ್ನು ಕೊಸಾರಾ ಬೇಯಿಸಿದ್ದಳು. ಸಕ್ಕರೆ, ಅಕ್ರೋಟು ಸರಿಯಾಗಿತ್ತು.

ವಾಪಸು ಬರುವಾಗ ಟ್ರಾಮಿನಲ್ಲಿ ದೊಬ್ರಿ ಕೇಳಿದ, "ಅಲ್ಲಮ್ಮ, ನಿನ್ನನ್ನ ಎಲ್ಲಿ ಇಡಬೇಕು ನಾವು?"

"ಟೀಸಾಕ್ಕೆ ಎಸೆದುಬಿಡಿ ಅಣ್ಣ. ನಮ್ಮಣ್ಣನ ಮಾತು ಸುಳ್ಳಾಗೋದು ಬೇಡ," ಎಂದಳು ಕೊಸಾರಾ. ಎದುರು ಸೀಟಿನ ಹೆಂಗಸು ನಮ್ಮನ್ನು ಬೆರಗಿನಿಂದ ನೋಡಿದಳು. ದೊಬ್ರಿ ಮೊದಲು ನಕ್ಕ, ಆಮೇಲೆ ಕಿಟಕಿಯ ಕಡೆ ತಿರುಗಿಕೊಂಡ.

ಅವಳು ಇನ್ನೂ ಕೆಲವು ವರ್ಷ ಅಟ್ಟದಲ್ಲೇ ಇದ್ದಳು. ಸೂರು ಸೋರುತ್ತಿತ್ತು. ರಿಪೇರಿಯವನು ಬಂದು ನೋಡಿ ತಲೆಯಾಡಿಸಿ ಹೋದ. ಗೋಡೆಯ ಮೇಲಿನ ನದಿ ಮೊದಲು ಊದಿಕೊಂಡಿತು, ಆಮೇಲೆ ಚಕ್ಕೆಚಕ್ಕೆಯಾಗಿ ಉದುರಿತು. ಒಂದು ವಸಂತದಲ್ಲಿ ಹುಡುಗಿ ನಿಂತಿದ್ದ ಜಾಗದ ಗಾರೆಯೆಲ್ಲ ಒಟ್ಟಿಗೆ ಕುಸಿದು ಬಿತ್ತು. ಸದ್ದು ಕೇಳಿ ನಾನು ಏದುಸಿರು ಬಿಡುತ್ತ ಮೇಲೆ ಹತ್ತಿದೆ. ಕೊಸಾರಾ ಆಗಲೇ ಪೊರಕೆ ಹಿಡಿದಿದ್ದಳು.

"ಒಂದು ಚೂರಾದರೂ ಎತ್ತಿಡೇ," ಎಂದೆ.

"ಯಾಕೆ ಬೆಬಕ್ಕ? ಬೆನ್ನು ತಾನೇ," ಎಂದಳು. ಬಕೆಟ್ಟಿನಲ್ಲಿ ತುಂಬಿ ಅಂಗಳಕ್ಕೆ ಇಳಿಸಲು ಮಾತ್ರ ಸಂಜೆಯವರೆಗೂ ಮನಸ್ಸು ಮಾಡಲಿಲ್ಲ.

ಒಂದು ಜನವರಿಯಲ್ಲಿ ಆಸ್ಪತ್ರೆಯಲ್ಲಿ ತೀರಿಕೊಂಡಳು. ಹೃದಯ. ನಾನು ಒಯ್ದ ಸೂಪನ್ನು ಎರಡು ಚಮಚ ಕುಡಿದು, "ಚೆನ್ನಾಗಿದೆ" ಎಂದು ಸುಳ್ಳು ಹೇಳಿದ್ದಳು. ಅವಳ ಗಂಡನ ಮಗ ಫೋನಿನಲ್ಲಿ ದುಃಖ ಹೇಳಿಕೊಂಡ. ರಸ್ತೆ ತುಂಬ ಹಿಮ, ಬರಲಾಗುವುದಿಲ್ಲ ಎಂದ. ನೋವಿ ಬೆಚೆಯ್‌ನಲ್ಲಿ ಅವಳ ಅಪ್ಪ ಅಮ್ಮನ ಸಮಾಧಿಯಲ್ಲಿ ಜಾಗವಿತ್ತು. ನಾನು, ದೊಬ್ರಿ ಹೆಣದ ವ್ಯಾನಿನಲ್ಲೇ ಕೂತು ಹೋದೆವು. ದಾರಿಯಿಡೀ ಬಿಳಿ ಬಯಲು, ಕಾಗೆಗಳು.

ಮಣ್ಣು ಮಾಡಿದ ಮೇಲೆ ಕೊಸಾರಾಳ ಹಳೆಯ ನೆರೆಮನೆಯ ಮುದುಕಿಯೊಬ್ಬಳು ಕೋಲೂರಿಕೊಂಡು ಬಂದಳು. ನನ್ನ ಪಟ್ಟಣದ ಟೋಪಿ, ದೊಬ್ರಿಯ ಕೊರಳಿನ ನೇರಳೆ ವಸ್ತ್ರ ಎಲ್ಲವನ್ನೂ ನೋಡಿ ಕೇಳಿದಳು:

"ಇವಳು ಹೋದಮೇಲೆ ಸುದ್ದಿಯೇ ಇರಲಿಲ್ಲ. ಅಲ್ಲಿ ಒಂಟಿಯಾಗಿದ್ದಳಾ, ಪಾಪ?"

"ಇಲ್ಲಮ್ಮ," ಎಂದೆ. "ನಾವೆಲ್ಲ ಇದ್ದೆವು."

ಮುದುಕಿ ಶಿಲುಬೆಯ ಗುರುತು ಮಾಡಿಕೊಂಡು, ತನ್ನ ಚೀಲದಿಂದ ಬಿಸಿಯಿನ್ನೂ ಆರದ ರೊಟ್ಟಿಯೊಂದನ್ನು ತೆಗೆದು ನನ್ನ ಕೈಗಿಟ್ಟಳು. ಬಸ್ಸಿಗಾಗಿ ಕಾಯುತ್ತ ಅದನ್ನು ಮುರಿದು ಇಬ್ಬರೂ ತಿಂದೆವು. ಬಹಳ ಚಳಿಯಿತ್ತು. ದೊಬ್ರಿಯ ಕೋಟಿನ ಗುಂಡಿಗಳನ್ನು ನಾನೇ ಹಾಕಿದೆ.